ಕರೆಂಟಿಗೂ ಥ್ಯಾಂಕ್ಸ್, ನನಗೆ ಮಾತ್ರ ಇಲ್ಲ

ಹಾಡು ಮುಗಿಸಿ ತಿರುಮಲೇಶ್ ಮೈಕಿನಲ್ಲಿ ಎಲ್ಲರಿಗೂ ಥ್ಯಾಂಕ್ಸ್ ಹೇಳಿದರು. ಚಹಾ ಕೊಟ್ಟ ಉಚ್ಚೀರಪ್ಪ ಮಾವನಿಗೆ, ಸೌಂಡ್ ನೋಡಿಕೊಂಡ ಪಕೀರಪ್ಪಣ್ಣನಿಗೆ, ಕಷ್ಟಕಾಲದಲ್ಲಿ ಅನ್ನ ಹಾಕಿದ ಕೊಟ್ರಮ್ಮ ಅತ್ತೆಗೆ. ಕೊನೆಗೆ, ನಡುವೆ ಕೈಕೊಡದ ಕರೆಂಟಿಗೂ! ನನ್ನ ಹೆಸರು ಬರಲೇ ಇಲ್ಲ. "ಅನ್ನಾ, ಇಂಕೊಕ್ಕಟಿ" ಅಂತ ಇನ್ನೊಂದು ಹಾಡಿಗೆ ಕೂಗುವ ಹುಡುಗರ ನಡುವೆ ನಾನು ಉರಿದುಹೋದೆ.

ಆದೋನಿಯಲ್ಲಿ ಕನ್ನಡ, ತೆಲುಗು ಬೆರೆಸಿ ಮೊದಲು ರ‍್ಯಾಪ್ ಹಾಡಿದವರು ಅವರೇ. ಇದು ಹಾಡೋ ಜಗಳವೋ ಅಂತ ಜನ ನಗುತ್ತಿದ್ದ ಕಾಲದಲ್ಲಿ ಅವರಿಗೆ ಸ್ಟೇಜ್ ಅಂಗಿ ಹೊಲಿದವಳು ನಾನು. ಆಮೇಲೆ ಇಬ್ಬರೂ ಸೇರಿ ಟೀಶರ್ಟ್ ಅಂಗಡಿ ಹಾಕಿದೆವು, ಮೇಲೆ ಅವರ ಹಾಡಿನ ಸಾಲುಗಳ ಪ್ರಿಂಟು. ಈಗ ಗೋನೆಗಂಡ್ಲದ ಮೇಷ್ಟ್ರೂ ಅದನ್ನೇ ಹಾಕುತ್ತಾರೆ. ಇಬ್ಬರ ತಲೆಯಲ್ಲೂ ನರೆ ಬಂದಿತು, ಮನಸ್ಸಿನ ಮಾತು ಮಾತ್ರ ಬಾಯಿಗೆ ಬರಲಿಲ್ಲ.

ಮರುದಿನ ಅಂಗಡಿಯ ಕೀಲಿಕೈ ಅವರ ಮುಂದಿಟ್ಟೆ.

"ನಾ ಎಮ್ಮಿಗನೂರಿಗೆ ಹೊಂಟೀನಿ. ಅಕ್ಕನ ಮನಿಯಾಗ ಇದ್ದು ಹೊಲಿಗಿ ಹಾಕ್ತೀನಿ."

"ಯಾಕ್ರಿ ಮೇಡಂ, ಏನಾತು?"

"ಕರೆಂಟಿಗಿರೋ ಮರ್ಯಾದಿ ನನಗಿಲ್ಲೇನ್ರಿ?"

ಉಸಿರು ಬಿಡದೆ ಹಾಡುವ ಮನುಷ್ಯ, ಮಡಚಿದ ಟೀಶರ್ಟನ್ನೇ ಬಿಚ್ಚಿ ಮತ್ತೆ ಮಡಚಿದರು.

"ಮಂದಿ ಮುಂದ ಹೆಣ್ಮಕ್ಕಳ ಬರೇ ಹೆಸರು ಹಿಡಿದು ಕರಿಯಾಕ ಆಗ್ತೈತೇನ್ರಿ? ಹಿಂದ ಅಕ್ಕ, ಅತ್ತಿ ಏನರ ಬೇಕಲ್ಲ."

"ಅಕ್ಕ ಅನ್ನಬೇಕಿತ್ತು."

"ಅನ್ನಾಕ ಹೋದ್ನಿ. ಶೋಭಾರಾಣಿ ಅನ್ನೋತನಕ ಬಾಯಿಗೆ ಬಂತು. ಮುಂದ ಅಕ್ಕ ಅನ್ನಾಕ ಮನಸ್ಸು ಒಪ್ಪಲಿಲ್ರಿ."

ಅವರ ಕಿವಿ ಕೆಂಪಗಾಗಿತ್ತು. ನನ್ನ ಸಿಟ್ಟು ಎಲ್ಲಿ ಹೋಯಿತೋ ಗೊತ್ತಿಲ್ಲ.

"ನೀವು ಇರದಿದ್ರ ನಾ ಇನ್ನೂ ಹತ್ತಿ ಮೂಟಿ ಹೊರ್ತಿದ್ನಿ," ಅಂದರು ಮೆಲ್ಲಗೆ. "ನಿಮಗ ಒಂದು ಥ್ಯಾಂಕ್ಸ್ ಎಲ್ಲಿ ಸಾಲ್ತೈತ್ರಿ?"

"ಹಂಗಾರ ಮುಂದಿನ ಪ್ರೋಗ್ರಾಮಿನ್ಯಾಗ ಏನಂತ ಕರೀತೀರಿ?"

ತಲೆ ಎತ್ತಿ ನೇರವಾಗಿ ನನ್ನ ಕಣ್ಣು ನೋಡಿದರು.

"ನಮ್ಮ ಮನಿಯಾಕಿ ಅನ್ಲೇನ್ರಿ?"

ಕಣ್ಣು ತುಂಬಿ ಬಂತು, ನಗುವೂ ಬಂತು. ಬಿಟ್ಟುಹೋದ ಆ ಥ್ಯಾಂಕ್ಸಿಗೆ ನಾನೇ ಮನಸ್ಸಿನಲ್ಲಿ ಥ್ಯಾಂಕ್ಸ್ ಹೇಳಿದೆ.

"ಮೊದ್ಲು ಈ ಮೇಡಂ ಅನ್ನೋದು ಬಿಡ್ರಿ," ಅಂದು ಕೀಲಿಕೈ ತೆಗೆದು ಸೊಂಟಕ್ಕೆ ಸಿಕ್ಕಿಸಿಕೊಂಡೆ.