ಒಂದು ಡಬ್ಬಿ ಚಿಂತೆ

ಮ್ಯಾನೇಜರ್ ವೀರಭದ್ರ ಅಂಗಡಿಗೆ ಎರಡನೆಯ ಶಹನಾಜ್ ಇರಲಿಲ್ಲ. ಇದ್ದವಳು ಒಬ್ಬಳೇ, ಮತ್ತು ಅವಳೀಗ ತಲೆಗೆ ಪಟ್ಟಿ ಕಟ್ಟಿಸಿಕೊಂಡು ಊಟದ ಕೋಣೆಯಲ್ಲಿ ಕುಳಿತಿದ್ದಳು. ಪಟ್ಟಿಯಿಂದ ಹೊರಟ ತಂತಿ ಮೇಜಿನ ಮೇಲಿನ ತಾಮ್ರದ ತಟ್ಟೆಗೆ ಸೇರಿತ್ತು. ಆ ಯಂತ್ರದ ಹೆಸರು ಚಿಂತಾವಾಹಕ.

ಗದಗಿನ ಹೊರವಲಯದ ಆ ಕಾರ್ಖಾನೆಯಲ್ಲಿ ದೂರದರ್ಶಕಗಳಿಗೆ ಬೇಕಾದ ಆಳೆತ್ತರದ ಕನ್ನಡಿಗಳು ತಯಾರಾಗುತ್ತಿದ್ದವು. ಅಂಗಡಿ ಎಂಬುದು ಅಲ್ಲಿಯ ಮ್ಯಾನೇಜರನ ಮನೆತನದ ಹೆಸರು. ಕುಲುಮೆಯಲ್ಲಿ ಕಾದ ಗಾಜನ್ನು ಬಿರುಕು ಬಿಡದಂತೆ ತಣಿಸಬಲ್ಲವಳು ಶಹನಾಜ್ ನದಾಫ್ ಮಾತ್ರ. ಅವಳ ಗಂಡ ದಾವಲಸಾಬ ಡೆಂಗಿ ಜ್ವರದಿಂದ ಆಸ್ಪತ್ರೆ ಸೇರಿದ್ದ. ಮನುಷ್ಯ ಮಂಗಳ ಗ್ರಹದಲ್ಲಿ ಮನೆ ಕಟ್ಟಿದ್ದರೂ ಗದಗಿನ ಸೊಳ್ಳೆಗಳು ಊರು ಬಿಟ್ಟಿರಲಿಲ್ಲ.

ಅಂದಿನಿಂದ ಶಹನಾಜ್ ಕುಲುಮೆಯ ಮುಂದೆ ನಿಂತರೂ ಅಲ್ಲಿರುತ್ತಿರಲಿಲ್ಲ. ಎರಡು ಸಲ ಶಾಖದ ಲೆಕ್ಕ ತಪ್ಪಿದಳು. ಅಂಗಡಿ ಬೈದು ನೋಡಿದ. ರಜೆ ಕೊಟ್ಟು ನೋಡಿದ. ಅವಳ ಜಾಗಕ್ಕೆ ನಿಂತವನು ಅರ್ಧ ದಿನದಲ್ಲೇ ಕುಲುಮೆ ಕೆಡಿಸುವುದರಲ್ಲಿದ್ದ, ಮತ್ತೆ ಅವಳನ್ನೇ ಕರೆಸಬೇಕಾಯಿತು. ಈಗ ಕುಲುಮೆಯಲ್ಲಿರುವ ಕನ್ನಡಿ ಒಡೆದರೆ ನೀನು ಮನೆಗೆ ಎಂದು ಮಾಲೀಕರು ಅಂಗಡಿಗೆ ಹೇಳಿಯಾಗಿತ್ತು.

ಯಂತ್ರ ತಂದವರು ಡಾಕ್ಟರ್ ಇಂದುಮತಿ ಹಂಪಿಹೊಳಿ, ನರವಿಜ್ಞಾನಿ. ಚಿಂತೆ ಶಾಖವಿದ್ದಂತೆ, ಅದು ನಾಶವಾಗುವುದಿಲ್ಲ, ಜಾಗ ಬದಲಿಸುತ್ತದೆ ಎಂದು ಅವರು ವಿವರಿಸಿದರು. ಯಾರಾದರೊಬ್ಬರು ತಟ್ಟೆಯ ಮೇಲೆ ಕೈ ಇಟ್ಟರೆ ಪಟ್ಟಿ ಕಟ್ಟಿಕೊಂಡವರ ಚಿಂತೆ ಸಂಜೆ ಪಟ್ಟಿ ಬಿಚ್ಚುವವರೆಗೆ ಕೈ ಇಟ್ಟವರಿಗೆ ಹೋಗುತ್ತದೆ.

ಅಂಗಡಿ ಕೈ ಇಟ್ಟ. ಸಹಿ ಮಾಡುವ ಕೆಲಸವನ್ನು ಚಿಂತೆಯ ಜೊತೆಗೂ ಮಾಡಬಹುದು ಎಂಬುದು ಅವನ ಲೆಕ್ಕ.

ಕುಲುಮೆಯಾಳುಗಳು ಆಗಷ್ಟೇ ಊಟಕ್ಕೆ ಬಂದಿದ್ದರು. ಅಲ್ಲಿ ಯಾರೂ ತಮ್ಮ ಡಬ್ಬಿಯನ್ನು ತಾವೇ ಉಣ್ಣುತ್ತಿರಲಿಲ್ಲ. ಎಲ್ಲ ಡಬ್ಬಿಗಳೂ ಮೇಜಿನ ನಡುವೆ ಬಿಚ್ಚಿಕೊಳ್ಳುತ್ತಿದ್ದವು, ಯಾರು ಯಾವುದಕ್ಕೆ ಬೇಕಾದರೂ ಕೈ ಹಾಕಬಹುದಿತ್ತು. ಚನ್ನಬಸು ಎಂಬ ಹಿರಿಯ ಆಳು ಯಂತ್ರದ ವಿಚಾರ ಕೇಳಿಕೊಂಡು ತಟ್ಟೆಗೆ ತಾನೂ ಅಂಗೈ ಒತ್ತಿದ.

“ಒಬ್ಬರ ಡಬ್ಬಿ ಒಬ್ಬರೇ ಬಳಕೊಂಡು ಉಣ್ಣೂ ಪದ್ಧತಿ ನಮ್ಮಲ್ಲಿಲ್ರಿ ಸಾಹೇಬ್ರ. ಸರೀರಿ ಸ್ವಲ್ಪ.”

ಉಳಿದವರೂ ಕೈ ಚಾಚಿದರು. ಇಂದುಮತಿ ತಡೆಯಲಿಲ್ಲ. ಇಷ್ಟು ಜನ ಹಂಚಿಕೊಂಡರೆ ಯಾರ ಪಾಲಿಗೂ ಹೇಳಿಕೊಳ್ಳುವಷ್ಟು ಬರುವುದಿಲ್ಲ ಎಂದುಕೊಂಡರು.

ಶಹನಾಜಳ ಮುಖ ತಿಳಿಯಾಯಿತು. ತಂತಿ ಕಳಚಿ, ಪಟ್ಟಿಯನ್ನು ತಲೆಯಲ್ಲೇ ಬಿಟ್ಟುಕೊಂಡು ಅವಳು ಎದ್ದು ಕುಲುಮೆಗೆ ಹೋದಳು. ಅವಳ ಕೈ ಹಿಂದೆಂದೂ ಅಷ್ಟು ಖಚಿತವಾಗಿ ಓಡಿರಲಿಲ್ಲ.

ಅಂಗಡಿ ತನ್ನ ಕೋಣೆಗೆ ಬಂದು ಕಾಗದ ಎಳೆದುಕೊಂಡ. ತಾನು ಎಂದೂ ನೋಡದ ಮನುಷ್ಯನೊಬ್ಬನ ಒಣಗಿದ ತುಟಿ ಅವನ ಕಣ್ಣ ಮುಂದೆ ಬಂತು. ನೀರು ಕುಡಿಸಿದ್ದಾರೋ ಇಲ್ಲವೋ. ಆಸ್ಪತ್ರೆಗೆ ಫೋನ್ ಹಚ್ಚಿದ, ಲೈನ್ ಬಿಡುವಿರಲಿಲ್ಲ. ಸ್ವಲ್ಪ ಹೊತ್ತು ಕುಳಿತ, ಆಗಲಿಲ್ಲ. ಬೈಕ್ ತೆಗೆದ.

ಆಸ್ಪತ್ರೆಯ ವರಾಂಡದಲ್ಲಿ ಅವನ ಕುಲುಮೆಯಾಳುಗಳೆಲ್ಲ ಇದ್ದರು. ಒಬ್ಬೊಬ್ಬನೂ ತಾನೊಬ್ಬನೇ ತಪ್ಪಿಸಿಕೊಂಡು ಬಂದೆ ಎಂದು ತಿಳಿದಿದ್ದ. ಲೈನ್ ಬಿಡುವಿಲ್ಲದ್ದಕ್ಕೂ ಅವರೇ ಕಾರಣ. ಇಂದುಮತಿಯವರ ಹೋಲಿಕೆ ತಪ್ಪಾಗಿತ್ತು. ಚಿಂತೆ ಶಾಖವಲ್ಲ, ದೀಪ. ಹತ್ತು ಕಡೆ ಹಚ್ಚಿದರೆ ಹತ್ತೂ ಕಡೆ ಪೂರ್ತಿ ಉರಿಯುತ್ತದೆ.

ನರ್ಸ್ ಇವರ ಗುಂಪನ್ನು ನೋಡಿ ರೇಗಿದಳು. ದಾವಲಸಾಬನ ಪ್ಲೇಟ್‌ಲೆಟ್ ಕುಸಿದಿದೆ, ರಕ್ತ ಕೊಡುವವರು ತುರ್ತಾಗಿ ಬೇಕು, ಹೆಂಡತಿಗೆ ಫೋನ್ ಮಾಡಿದರೆ ಡ್ಯೂಟಿ ಮುಗಿದ ಮೇಲೆ ನೋಡುತ್ತೇನೆ ಎನ್ನುತ್ತಾಳೆ, ಎಂಥ ಹೆಣ್ಣು ಅವಳು ಎಂದಳು. ಅಲ್ಲಿದ್ದವರೆಲ್ಲ ತೋಳು ಚಾಚಿದರು. ಇಬ್ಬರ ರಕ್ತ ಹೊಂದಿತು: ಚನ್ನಬಸುವಿನದು ಮತ್ತು ಅಂಗಡಿಯದು.

ಸಂಜೆ ಅವರು ಮರಳಿದಾಗ ಶಹನಾಜ್ ಕುಲುಮೆಯ ಮುಂದೆ ಸ್ಟೂಲಿನ ಮೇಲೆ ಕುಳಿತಿದ್ದಳು.

“ಒಡೀತ್ರಿ,” ಎಂದಳು, ಚಹಾ ಆರಿತು ಎನ್ನುವ ದನಿಯಲ್ಲಿ. “ಕುಲುಮಿ ಬಾಗಿಲಾ ಎಳ್ಯಾಕ ನಾಕು ಮಂದಿ ಬೇಕಿದ್ರು. ಕೂಗಿದೆ. ಯಾರೂ ಇರಲಿಲ್ಲ.”

ಇಂದುಮತಿ ಪಟ್ಟಿ ಬಿಚ್ಚಿದರು. ಶಹನಾಜ್ ತಟ್ಟನೆ ಎದ್ದು ನಿಂತಳು.

“ನಮ್ಮನಿಯವ್ರು?”

“ಗಂಜಿ ಕುಡದಾನವ್ವ,” ಎಂದ ಚನ್ನಬಸು. “ಉಪ್ಪು ಕಡಿಮಿ ಅಂತ ಬೈದ.”

ಅವಳು ಮತ್ತೆ ಕುಳಿತಳು. ಅಂಗಡಿಯ ತೋಳಿನ ಹತ್ತಿಯನ್ನು ನೋಡಿದಳು.

“ದವಾಖಾನಿ ಫೋನ್ ಬಂದಿತ್ತರಿ ನನಗ. ಇಟ್ಟುಬಿಟ್ಟೆ. ಅಷ್ಟು ಆರಾಮಿದ್ದೆ. ನೀವು ಹೋಗದಿದ್ರ ಯಾರೂ ಹೋಗ್ತಿರಲಿಲ್ಲ.”

ಎಲ್ಲರೂ ಊಟದ ಕೋಣೆಗೆ ನಡೆದರು. ಅವಳು ಮುಟ್ಟದೆ ಬಿಟ್ಟಿದ್ದ ಡಬ್ಬಿಯನ್ನು ಚನ್ನಬಸು ಬಿಚ್ಚಿ ಅವಳ ಮುಂದಿಟ್ಟ. ಅವಳು ಅದನ್ನು ಮೇಜಿನ ನಡುವಿಗೆ ತಳ್ಳಿ, ಎಲ್ಲರೂ ಕೈ ಹಾಕುವವರೆಗೆ ಕಾದಳು. ಅಂಗಡಿಯೂ ರೊಟ್ಟಿ ಮುರಿದ. ಅಷ್ಟರಲ್ಲಿ ಮಾಲೀಕರ ಫೋನ್ ಬಂತು.

ಅಂದು ಹೋದದ್ದು ಕನ್ನಡಿ ಒಂದು, ನೌಕರಿ ಒಂದು.