ಸ್ಟೋರ್ ರೂಮಿನ ಕೀ

ಮಂಜುನಾಥ ಮೇಷ್ಟ್ರು ನಮ್ಮ ಶಾಲೆಗೆ ಬಂದ ದಿನವೇ ನನ್ನ ಮೇಲೆ ರೇಗಿದರು. ಸ್ಟೋರ್ ರೂಮಿನೊಳಗಿಂದ ಗಿರಿಜಾ ಬಾಗಿಲು ಬಡಿಯುತ್ತಿದ್ದಳು. ನಾನು ಹೊರಗೆ ಆರಾಮವಾಗಿ ಹಾಜರಿ ಕೂಗುತ್ತಿದ್ದೆ.

"ಒಳಗ್ಯಾರ್ರೀ ಮಿಸ್? ಮಕ್ಕಳನ್ನ ಕೂಡಿಹಾಕ್ತೀರಾ?"

"ಕಚ್ಚೋ ಹುಡ್ಗಿ. ನೀವೂ ಕಚ್ಚಿಸ್ಕೊಳ್ತೀರಾದ್ರೆ ತೆಗೀತೀನಿ."

"ತೆಗೀರಿ."

ತೆಗೆದೆ. ಕಚ್ಚಿದಳು. ಮುಂಗೈ ಮೇಲಿನ ಹಲ್ಲಿನ ಗುರುತು ನೋಡಿಕೊಂಡು ಆ ಮನುಷ್ಯ ನಕ್ಕುಬಿಟ್ಟರು. ಎಲಾ ಇವನ, ಅಂದುಕೊಂಡೆ. ನಾನು ಬಿದ್ದಿದ್ದು ಆ ನಗುವಿಗೇ, ಈಗ ಸುಳ್ಳು ಯಾಕೆ ಹೇಳಲಿ.

ಅದು ಎರಡು ಸಾವಿರದ ಮೂರನೇ ಇಸವಿ. ಕೆ. ಹೊಸಕೋಟೆಯಿಂದ ಮೇಲಕ್ಕೆ, ಕಾಫಿ ಎಸ್ಟೇಟಿನ ಕೂಲಿ ಲೈನಿನ ಮಕ್ಕಳು ಬರುವ ಶಾಲೆ. ಹೆಡ್‌ಮಾಸ್ಟರ್ ವೀರಭದ್ರಯ್ಯನವರು, ನಾನು, ಈಗ ಇವರು. ಎಂಟು ವರ್ಷದ ಗಿರಿಜಾಗೆ ಮಾತು ಬರುತ್ತಿರಲಿಲ್ಲ. ಕಚ್ಚಿದರೆ ಅವಳನ್ನು ಸ್ಟೋರಿಗೆ ಹಾಕುವುದು ನಾನು ಬರುವ ಮುಂಚಿನಿಂದಲೂ ಇದ್ದ ಪದ್ಧತಿ. ಬೀಗ ಹಾಕಿದವರೇ ತೆಗೆಯಬೇಕು, ಬೇರೆ ಯಾರೂ ಮುಟ್ಟುವ ಹಾಗಿಲ್ಲ. ಕೀ ನನ್ನ ಪರ್ಸಿನಲ್ಲಿರುತ್ತಿತ್ತು.

ಮಂಜುನಾಥ ಒಂದು ವಾರ ಸುಮ್ಮನೆ ಅವಳನ್ನು ನೋಡುತ್ತಾ ಕೂತರು. ನಾನು ಅವರನ್ನು ನೋಡುತ್ತಾ ಕೂತೆ.

"ಮಿಸ್, ಅವ್ಳು ಕಚ್ಚೋದು ಬೆಲ್ ಹೊಡ್ದ ಮೇಲೆ ಮಾತ್ರ. ಆ ಸದ್ದಿಗೆ ಹೆದರ್ತಾಳೆ ಕಣ್ರೀ."

ಮಾರನೇ ದಿನ, ಜಗಲಿಯಲ್ಲಿ ನೇತುಹಾಕಿದ್ದ ರೈಲು ಕಂಬಿ ತುಂಡಿಗೆ ಬಡಿಯುವ ಸುತ್ತಿಗೆಯನ್ನು ಅವಳ ಕೈಗೇ ಕೊಟ್ಟರು. ತಾನೇ ಹೊಡೆದರೆ ಹೆದರಿಕೆಯಿಲ್ಲ ನೋಡಿ. ಢಣ್ ಅನ್ನಿಸಿ, ನಮ್ಮಿಬ್ಬರ ಮುಖ ನೋಡಿ ಹಲ್ಲು ಕಿರಿದಳು. ಆಮೇಲೆ ಆರು ತಿಂಗಳು ಯಾರನ್ನೂ ಕಚ್ಚಲಿಲ್ಲ.

"ಇನ್ನೇನು, ಆ ಕೀ ನಂಗೆ ಕೊಟ್ಬುಡಿ," ಎನ್ನುತ್ತಿದ್ದರು ದಿನಾ, ಬಸ್ಸಿಗೆ ಕಾಯುವಾಗ.

"ಕೊಟ್ಬುಟ್ರೆ ಆಮೇಲೆ ಏನ್ ನೆಪ ಹೇಳ್ಕೊಂಡು ನನ್ನ ಮಾತಾಡಿಸ್ತೀರಾ ಮಾರಾಯ್ರೇ?"

ಅವರ ಕಿವಿ ಕೆಂಪಾಗುತ್ತಿತ್ತು. ಅದನ್ನು ನೋಡುವ ಆಸೆಗೇ ನಾನು ಕೀ ಕೊಡಲಿಲ್ಲ.

ಕಡೆಗೆ ಅವರ ಮನೆಯವರು ಒಂದು ಶನಿವಾರ ಮಧ್ಯಾಹ್ನ ಆಲೂರಿನ ನಮ್ಮ ಮನೆಗೆ ಹೆಣ್ಣು ನೋಡಲು ಬರುವುದೆಂದಾಯಿತು. ಅಂದು ಮಂಜುನಾಥ ರಜೆ, ಹೆಡ್‌ಮಾಸ್ಟರು ಮೀಟಿಂಗಿಗೆ ಹೋಗಿದ್ದರು. ಹನ್ನೊಂದು ನಲವತ್ತರ ಬಸ್ಸು ತಪ್ಪಿದರೆ ನನ್ನ ಕಥೆ ಮುಗಿದ ಹಾಗೆ. ಗಿರಿಜಾಳನ್ನು ಕರೆದು ಸುತ್ತಿಗೆ ಕೊಟ್ಟು ಕಾಯುವ ತಾಳ್ಮೆ ಯಾರಿಗಿತ್ತು? ಶಾಲೆ ಬಿಡುವ ಬೆಲ್ ನಾನೇ ಹೊಡೆದೆ.

ಓಡಿಬಂದು ತೋಳು ಕಚ್ಚಿದಳು. ಅವರೆದುರು ಕೂರುವ ದಿನ ತೋಳಿನ ಮೇಲೆ ಹಲ್ಲಿನ ಗುರುತು! ಮೈಯೆಲ್ಲ ಉರಿದುಹೋಯಿತು. ದರದರ ಎಳೆದುಕೊಂಡು ಹೋಗಿ ಸ್ಟೋರಿಗೆ ತಳ್ಳಿ ಬೀಗ ಹಾಕಿದೆ. ಐದೇ ನಿಮಿಷ ಎಂದುಕೊಂಡೆ. ಮಕ್ಕಳನ್ನು ಕಳಿಸಿ, ಮುಖ ತೊಳೆದು, ಸೀರೆ ನೆರಿಗೆ ಸರಿಮಾಡಿಕೊಂಡೆ. ಅಷ್ಟರಲ್ಲಿ ಬಸ್ಸಿನ ಹಾರನ್ ಕೇಳಿತು. ಓಡಿದೆ.

ಮೂರು ಗಂಟೆಗೆ ಕಾಫಿ ತಟ್ಟೆ ಹಿಡಿದು ಹೊರಗೆ ಬಂದೆ. ಅವರು ಕದ್ದು ನೋಡಿದರು, ನಾನೂ ಕದ್ದು ನೋಡಿದೆ.

"ಏನಾದ್ರೂ ಕೇಳೋದಿದ್ರೆ ಕೇಳ್ಬುಡಪ್ಪ, ಹುಡ್ಗಿ ಎದುರ್ಗೇ ಐತೆ," ಎಂದರು ಅವರ ತಾಯಿ ಸುಮಿತ್ರಮ್ಮ.

"ಸ್ಟೋರ್ ಕೀ ಕೊಟ್ರೆ ಸಾಕಮ್ಮ. ಬ್ಯಾರೇನೂ ಬ್ಯಾಡ."

ಅರ್ಥವಾಗದಿದ್ದರೂ ಎಲ್ಲರೂ ನಕ್ಕರು. ಇವತ್ತು ಕೊಟ್ಟೇಬಿಡುತ್ತೇನೆ ಎಂದು ಒಳಗಿನಿಂದ ಪರ್ಸ್ ತಂದೆ. ಕೀಯನ್ನು ಅವರ ಅಂಗೈಯಲ್ಲಿಟ್ಟೆ. ಬೆರಳಿಗೆ ಬೆರಳು ತಾಗಿತು. ಆಗ ನೆನಪಾಯಿತು.

"ಗಿರಿಜಾ," ಎಂದೆ. "ಒಳಗವ್ಳೆ."

ಅವರ ನಗು ಇನ್ನೂ ಮುಖದ ಮೇಲೇ ಇತ್ತು.

ಅವರ ಮನೆಯವರು ಬಂದಿದ್ದ ಜೀಪಿನಲ್ಲೇ ಇಬ್ಬರೂ ಹೊರಟೆವು, ಒಂದು ಗಂಟೆಯ ದಾರಿ. ಸ್ಟೋರಿನ ಬಾಗಿಲಲ್ಲಿ ಗಿರಿಜಾಳ ತಾಯಿ ಸರೋಜಮ್ಮ ಕೂತಿದ್ದಳು.

"ಬಡಿಯೋದು ನಿಲ್ಸಿ ಭಾಳ ಹೊತ್ತಾಯ್ತು ಮಿಸ್," ಎಂದಳು ಎದ್ದು ನಿಂತು. "ಬೀಗ ಒಡುದ್ರೆ ನೀವ್ ಬೈತೀರಾ ಅಂತ ಕಾಯ್ತಾ ಕುಂತಿದ್ದೆ."

ಬೀಗ ಅವರೇ ತೆಗೆದರು. ಗಿರಿಜಾ ಅಕ್ಕಿ ಮೂಟೆಗೆ ಒರಗಿ ಕೂತಿದ್ದಳು. ಉಗುರಿನ ಸಂದಿಯಲ್ಲಿ ರಕ್ತ, ಬಾಗಿಲಿನ ನೀಲಿ ಬಣ್ಣ. ಮಂಜುನಾಥ ಕೈ ಚಾಚಿದರು. ಅವಳು ಕಚ್ಚಲಿಲ್ಲ. ಕಚ್ಚಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು.

"ತಪ್ಪಾಯ್ತು ಕಣ್ರೀ. ಮರ್ತ್‌ಬುಟ್ಟೆ," ಎಂದೆ ಅಳುತ್ತಾ.

"ನಿಮ್ಮ ಮ್ಯಾಲೆ ಆಸೆ ಈಗ್ಲೂ ಐತೆ ಮಿಸ್, ಇಲ್ಲ ಅನ್ನಲ್ಲ," ಎಂದರು. "ಆದ್ರೆ ಮದ್ವೆಯಾದ್ರೆ ನನ್ನ ಮಕ್ಕಳನ್ನೂ ನಿಮ್ಮ ಕೈಗೇ ಬಿಡಬೇಕಲ್ಲ."

ಮುಂದಿನ ವಾರ ಅವರು ಶಾಲೆಗೆ ಬರಲಿಲ್ಲ. ವನಗೂರು ಕಡೆ ವರ್ಗ ಮಾಡಿಸಿಕೊಂಡರು. ನನ್ನನ್ನು ಬಿಟ್ಟಿದ್ದು ಸರಿ. ಗಿರಿಜಾಳನ್ನೂ ನನ್ನ ಕೈಲೇ ಬಿಟ್ಟು ಹೋದರಲ್ಲ, ಆ ಕೋಪ ನನಗೆ ಇವತ್ತಿಗೂ ಇದೆ. ಕೀ ಅವರ ಹತ್ತಿರವೇ ಉಳಿಯಿತು. ಸ್ಟೋರಿಗೆ ಮತ್ತೆ ಬೀಗ ಹಾಕಲಿಲ್ಲ.

ತೋಟದ ಕೆಲಸ ಬಿಡುವ ಹಾಗಿಲ್ಲದೆ ಸರೋಜಮ್ಮ ಮಗಳನ್ನು ಮತ್ತೆ ಶಾಲೆಗೆ ತಂದುಬಿಟ್ಟಳು. ಸುತ್ತಿಗೆ ಕೊಟ್ಟೆ. ಗಿರಿಜಾ ಮುಟ್ಟಲಿಲ್ಲ. ನಾನೇ ಬೆಲ್ ಹೊಡೆದೆ. ಅವಳು ಎದ್ದಳು, ತಾನಾಗಿಯೇ ಸ್ಟೋರಿನೊಳಗೆ ಹೋದಳು, ಬಾಗಿಲು ಎಳೆದುಕೊಂಡಳು.

ವೀರಭದ್ರಯ್ಯನವರು ಜಗಲಿಯಲ್ಲಿ ನಿಂತು ನೋಡುತ್ತಿದ್ದರು.

"ಪರ್ವಾಗಿಲ್ವೇ," ಎಂದರು. "ಎಷ್ಟು ಒಳ್ಳೇ ಹುಡ್ಗಿ ಆಗ್ಬುಟ್ಟವ್ಳೆ ನೋಡ್ರಿ. ಎಲ್ಲಾ ನಿಮ್ಮ ಕೈಗುಣ ಮಿಸ್."