ಹತ್ತು ಸೆಕೆಂಡು ಕಾಯದವಳು

"ಇದ್ರಾಗಿಂದು ಒಂದಕ್ಷರಾನೂ ಅಳಿಸಬ್ಯಾಡ್ರಿ!"

ಗೋವಾದ ಪರ್ವರಿಯ ಆ ಪುಟ್ಟ ರಿಪೇರಿ ಅಂಗಡಿಯಲ್ಲಿ ಫರ್ಹೀನ ಲ್ಯಾಪ್‌ಟಾಪನ್ನು ಎದೆಗೊತ್ತಿಕೊಂಡೇ ನಿಂತಿದ್ದಳು. ಪಣಜಿಯ ಹೊಸ ಕೆಲಸಕ್ಕೆ ಲಿನಕ್ಸ್ ಎಂಬ ಬೇರೆ ಆಪರೇಟಿಂಗ್ ಸಿಸ್ಟಮ್ ಬೇಕಿತ್ತು. ಹಳೆಯ ವಿಂಡೋಸ್‌ನಲ್ಲಿ, ತೀರಿಹೋದ ಗಂಡ ರಿಯಾಜನ ದನಿಯ ರೆಕಾರ್ಡಿಂಗ್ ಇತ್ತು.

ಅಂಗಡಿಯ ಪರ್ವೇಜ ನಕ್ಕ. "ಮೊದಲ ಕೈಗೆ ಕೊಡ್ರಿ! ಹಾರ್ಡ್ ಡಿಸ್ಕ್ ಎರಡು ಭಾಗ ಮಾಡ್ತೀನಿ. ಹಳೇದು ಇದ್ದಲ್ಲೇ ಇರ್ತದ, ಹೊಸದು ಬಾಜೂಕ. ನಡುವ ಒಂದು ಗ್ವಾಡಿ, ಅಷ್ಟ."

ರಿಯಾಜ ಹೋದ ಈ ಎರಡು ವರ್ಷಗಳಲ್ಲಿ ಮೊದಲ ಬಾರಿ ಅವಳಿಗೂ ನಗು ಬಂತು. ನಕ್ಕಿದ್ದೇ ತಪ್ಪೇನೋ ಅನ್ನಿಸಿತು...

ಮರುದಿನ ಮನೆಯಲ್ಲಿ ಲ್ಯಾಪ್‌ಟಾಪ್ ಚಾಲೂ ಮಾಡಿ, ರೂಢಿಯಂತೆ ಎದ್ದು ಚಹಾಕ್ಕೆ ಇಟ್ಟಳು. ಹಳೆಯ ಯಂತ್ರ, ತೆರೆದುಕೊಳ್ಳಲು ಹೊತ್ತು ಬೇಕು. ಬಂದು ನೋಡಿದರೆ ಪರದೆಯ ತುಂಬ ಬರೀ ಹೊಸದು. ರಿಯಾಜ ಎಲ್ಲೂ ಇಲ್ಲ!

ಅಂಗಡಿಗೆ ಓಡಿದಳು. ಗಿರಾಕಿಗಳೆದುರೇ ಕೂಗಿದಳು. "ನನ್ನ ಗಂಡನ್ನ ಎರಡನೇ ಸಲ ಸಾಯಿಸಿದ್ರಿ!"

"ಹತ್ತು ಸೆಕೆಂಡ್ ಕಾಯ್ರಿ... ಚಾಲೂ ಮಾಡಿದ ಕೂಡ್ಲೇ..."

"ಸಾಕ್ರಿ!"

ಅವನ ನಂಬರನ್ನೂ ಬ್ಲಾಕ್ ಮಾಡಿದಳು.

ನಾಲ್ಕು ತಿಂಗಳಾದವು. ಒಂದು ಬೆಳಿಗ್ಗೆ ಗ್ಯಾಸ್ ತೀರಿತ್ತು. ಚಹಾ ಇಲ್ಲದೆ, ಅವಳು ಲ್ಯಾಪ್‌ಟಾಪ್ ಚಾಲೂ ಮಾಡಿ ಅದರ ಮುಂದೆಯೇ ಕುಳಿತಳು.

ಕಪ್ಪು ಪರದೆಯ ಮೇಲೆ ಎರಡು ಹೆಸರು ಮೂಡಿದವು. ಎರಡನೆಯದು ವಿಂಡೋಸ್! ಕೆಳಗೆ ಹತ್ತು, ಒಂಬತ್ತು, ಎಂಟು... ಆರಿಸದಿದ್ದರೆ ಹೊಸದೇ ತೆರೆದುಕೊಳ್ಳುತ್ತದೆ.

ಎರಡನೆಯದನ್ನು ಆರಿಸಿ, ಹಳೆಯ ರೆಕಾರ್ಡಿಂಗ್ ಒತ್ತಿದಳು.

"ಫರ್ಹೀನ, ಚಾ ಆತೇನ?" ರಿಯಾಜನ ದನಿ.

ಎಲ್ಲವೂ ಇದ್ದಲ್ಲೇ ಇತ್ತು. ದಿನವೂ ಎದ್ದು ಹೋದವಳು ತಾನೇ. ಎಂಥ ಮಾತು ಆಡಿಬಿಟ್ಟೆ...

ಅವಳು ಅಂಗಡಿಗೆ ಬಂದಾಗ ಪರ್ವೇಜ ತಲೆಯೆತ್ತಿದ. ಈ ಸಲ ನಗಲಿಲ್ಲ.

"ತಪ್ಪಾತ್ರಿ," ಎಂದಳು. "ನಾ ಕಾಯಲಿಲ್ಲ."

ಅವನು ಡ್ರಾಯರಿನಿಂದ ಪೆನ್‌ಡ್ರೈವ್ ತೆಗೆದ. ಮೇಲೆ ಚೀಟಿ: 'ಫರ್ಹೀನ. ಅಳಿಸಬಾರದು.'

"ಡಿಸ್ಕ್ ಮುಟ್ಟೂಕಿಂತ ಮೊದ್ಲ ಎಲ್ಲಾ ಕಾಪಿ ಮಾಡಿಟ್ಟಿದ್ದೆ. ಎರಡು ಸಲ ನಿಮ್ಮ ಬಾಗಿಲ ತನಕಾ ತಂದೆ. ಬಡಿಯಾಕ ಧೈರ್ಯ ಆಗ್ಲಿಲ್ಲ."

"ಬೈತೀನಂತೇನ್ರಿ?"

"ಇಲ್ರಿ... ಇದನ್ನ ಕೊಟ್ಟಬಿಟ್ರ, ನಿಮ್ಮನ್ನ ಮತ್ತ ನೋಡಾಕ ನೆವಾನೇ ಇರೂದಿಲ್ಲಂತ."

ಅವಳ ಕಣ್ಣು ತುಂಬಿತು. ಈ ನಾಲ್ಕು ತಿಂಗಳನ್ನು ಯಾರು ಮರಳಿ ಕೊಡುತ್ತಾರೆ?

"ಅವ್ರು ನನ್ನೊಳಗಿಂದ ಹೋಗೂದಿಲ್ರಿ, ಪರ್ವೇಜ."

"ಹೋಗಲೂಬಾರದ್ರಿ. ನಾ ಬಾಜೂಕ ಇರ್ತೀನಿ."

ಫರ್ಹೀನ ಸ್ಟೂಲ್ ಎಳೆದುಕೊಂಡು ಕುಳಿತಳು.

"ಚಾ ತರಸ್ರಿ... ಇವತ್ತ ಎದ್ದು ಹೋಗೂದಿಲ್ಲ."